ಒಳಗೆ ಏನೂ ಇಲ್ಲದ ವ್ಯಾನು

ಕಾರ್ಖಾನೆಯಲ್ಲಿ ವ್ಯಾನು ಎತ್ತುವ ಲಿಫ್ಟಿನ ಲಾಕು ಮುರಿದು ಮೂರು ತಿಂಗಳಾಗಿತ್ತು. ಕೆಲಸಗಾರರು ಎರಡು ಸಲ ಬರೆದುಕೊಟ್ಟಿದ್ದರು. ಲಾಕು ಬದಲಾಗಲಿಲ್ಲ. ಒಂದು ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ, ಮೇಲೆತ್ತಿ ನಿಲ್ಲಿಸಿದ್ದ ವ್ಯಾನು ಕೆಳಗೆ ಬಂತು. ಅದರಡಿಯಲ್ಲಿ ತಂತಿ ಎಳೆಯುತ್ತಿದ್ದ ಹುಡುಗಿಯ ಎರಡೂ ಕಾಲುಗಳನ್ನು ಆಸ್ಪತ್ರೆಯಲ್ಲಿ ಮೊಣಕಾಲಿನಿಂದ ಕೆಳಗೆ ಕತ್ತರಿಸಿದರು. ಲಾಕು ಸರಿಯಾಗಿಯೇ ಇತ್ತು, ಹಾಕಲು ಮರೆತವಳು ಅವಳೇ ಎಂದು ಕಂಪನಿ ಬರೆದುಕೊಂಡಿತು. ಆ ಬರಹದ ಕೆಳಗೆ ಸಾಕ್ಷಿಯೆಂದು ಅವಳ ಜೊತೆ ಕೆಲಸ ಮಾಡುತ್ತಿದ್ದ ಬಡಗಿಯ ಸಹಿ ಇತ್ತು.

ಎಂಟು ತಿಂಗಳ ಮೇಲೆ ಇವತ್ತು ಅದೇ ಬಡಗಿ ಅವಳೆದುರು ನಿಂತಿದ್ದ.

ಕಂಪನಿಯ ಅಂಗಳ. ಬಿಳಿ ಬಣ್ಣದ ಕ್ಯಾಂಪರ್ ವ್ಯಾನೊಂದು ತೊಳೆದು ಒರೆಸಿ ಮದುಮಗಳ ಹಾಗೆ ನಿಂತಿತ್ತು. ಅದರ ಬಾಗಿಲಲ್ಲಿ ಅವನು, ಕೈಯಲ್ಲಿ ಅಳತೆಯ ಟೇಪು. ಕುರ್ಚಿಯ ಚಕ್ರ ತಳ್ಳಿಕೊಂಡು ಬಂದವಳು ಅವನನ್ನು ಕಂಡದ್ದೇ ತಡ, ಕೈ ಅಲ್ಲಿಯೇ ನಿಂತಿತು.

ಗಡ್ಡ ಬಿಟ್ಟಿದ್ದಾನೆ... ಸೊರಗಿದ್ದಾನೆ... ಸೊರಗಲಿ. ನನಗೇನು.

ಅವನು ಅವಳ ಮುಖ ನೋಡಲಿಲ್ಲ. ನೋಡಿದ್ದು ಕುರ್ಚಿಯ ಚಕ್ರಗಳನ್ನು.

"ಕುರ್ಚಿ ಅಗಲ ಎಷ್ಟು?" ಅಂದ.

ಎಂಟು ತಿಂಗಳಲ್ಲಿ ಮೊದಲ ಮಾತು ಅದು.

"ಯಾಕೆ? ಅಳತೆ ತಗೊಂಡು ಹೆಣದ ಪೆಟ್ಟಿಗೆ ಮಾಡ್ಕೊಡ್ತೀಯಾ?"

ಅವನು ಟೇಪನ್ನು ಬಾಗಿಲಿಗೆ ಅಡ್ಡ ಹಿಡಿದ. "ಇಲ್ಲ... ಈ ಬಾಗಿಲು ಇಪ್ಪತ್ತೆರಡು ಇಂಚು. ಅದಕ್ಕೆ ಕೇಳ್ದೆ."

"ನಿನ್ನ ಕೆಲಸ ಎಷ್ಟೋ ಅಷ್ಟು ನೋಡಪ್ಪ" ಎಂದು ಮ್ಯಾನೇಜರ್ ಹಿಂದಿನಿಂದ ಬಂದರು. ಅವರ ಧ್ವನಿ ಯಾವಾಗಲೂ ಎಣ್ಣೆ ಹಚ್ಚಿದ ಕೀಲಿನ ಹಾಗೆ, ಸದ್ದೇ ಇರುತ್ತಿರಲಿಲ್ಲ. "ಬಾಮ್ಮ, ಬಾ. ನಿನ್ನ ಮನೆ ನೋಡು. ಚಕ್ರದ ಮೇಲಿನ ಮನೆ. ಹನ್ನೆರಡಕ್ಕೆ ಫೋಟೋದವರು ಬರ್ತಾರೆ. ಅಷ್ಟರಲ್ಲಿ ಒಂದು ಸಹಿ ಹಾಕಿದ್ರೆ ಮುಗೀತು."

ಅವಳ ಬಲಕ್ಕೆ ಅಕ್ಕ, ಎಡಕ್ಕೆ ಭಾವ. ಇಬ್ಬರ ಮುಖದಲ್ಲೂ ಎಂಟು ತಿಂಗಳಿಂದ ಕಾಣದ ಗೆಲುವು.

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಮಿಣುಕಿ ಎಂದು ಕರೆಯುತ್ತಿದ್ದರು. ವ್ಯಾನುಗಳಿಗೆ ದೀಪ ಜೋಡಿಸುವುದು ಅವಳ ಕೆಲಸ. ಬಡಗಿ ಹಲಗೆಗೆ ತೂತು ಕೊರೆಯುತ್ತಿದ್ದ, ಅವಳು ಅದರೊಳಗಿಂದ ತಂತಿ ಎಳೆಯುತ್ತಿದ್ದಳು. ಬೇರೆ ಬಡಗಿಗಳು ತಂತಿಯ ಗಾತ್ರಕ್ಕೆ ಸರಿಯಾಗಿ ಕೊರೆಯುತ್ತಿದ್ದರು, ಹಲಗೆಯ ಅಂಚು ತಾಗಿ ಅವಳ ಬೆರಳು ಗೀರಿ ರಕ್ತ ಬರುತ್ತಿತ್ತು. ಇವನ ತೂತು ಮಾತ್ರ ಯಾವಾಗಲೂ ಅರ್ಧ ಇಂಚು ದೊಡ್ಡದು.

"ತೂತು ದೊಡ್ಡದಾಯ್ತಲ್ಲೋ" ಎಂದು ಮೇಸ್ತ್ರಿ ಬೈದರೆ, "ಡ್ರಿಲ್ ಜಾರ್ತು" ಎನ್ನುತ್ತಿದ್ದ.

ಮೂರು ವರ್ಷ ದಿನಾ ಡ್ರಿಲ್ ಜಾರಿತು. ಬೇರೆ ಯಾವ ಮಾತೂ ಇಬ್ಬರ ನಡುವೆ ಆಗಿರಲಿಲ್ಲ, ಆಗುವ ಅಗತ್ಯವೂ ಕಂಡಿರಲಿಲ್ಲ.

ಆಮೇಲೆ ಆ ಬುಧವಾರ ಬಂತು. ಆಸ್ಪತ್ರೆಯ ಹಾಸಿಗೆಯ ಬಳಿ ಮ್ಯಾನೇಜರ್ ನಿಂತು ಮೊಬೈಲಿನಲ್ಲಿ ಒಂದು ಕಾಗದದ ಚಿತ್ರ ತೋರಿಸಿದರು. ಆ ಸಹಿ ಅವಳಿಗೆ ಕತ್ತಲಲ್ಲಿ ತೋರಿಸಿದರೂ ಗುರುತು ಸಿಗುವಂಥದ್ದು. ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಮೇಲೆ ಹೋಗುತ್ತಿತ್ತು.

ಅದೇ ಸಂಜೆ ಅವನು ಬಂದ. ಅವಳು ಒಂದೇ ಪ್ರಶ್ನೆ ಕೇಳಿದಳು. "ಆ ಸಹಿ ನಿಂದಾ?"

"ನಂದೇ... ಆದ್ರೆ ಅದು ಹ್ಯಾಗೆ..."

"ಹೋಗು."

ಅವನು ಹೋದ. ಮರುದಿನ ಬಂದ, ಮತ್ತೆ ಮರುದಿನವೂ ಬಂದ. ಒಳಗೆ ಬಿಡಬೇಡ ಎಂದು ಅಕ್ಕನಿಗೆ ಹೇಳಿ ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಕಾಲು ಹೋದದ್ದು ಕಂಪನಿಯಿಂದ, ಅದಕ್ಕೆ ಕೋಪ ಇತ್ತು. ಅವನಿಂದ ಹೋದದ್ದಕ್ಕೆ ಏನೆಂದು ಹೆಸರಿಡಬೇಕೋ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯಿಂದ ಅಕ್ಕನ ಮನೆಗೆ ಬಂದಳು. ಅವಳ ಸ್ವಂತ ಕೋಣೆ ಮೂರನೇ ಮಹಡಿಯಲ್ಲಿತ್ತು, ಮೆಟ್ಟಿಲು ಐವತ್ತನಾಲ್ಕು. ಅಕ್ಕನ ಮನೆಯಲ್ಲಿ ಬಾಗಿಲಿನಿಂದ ಒಳಕ್ಕೆ ಹೋಗುವ ಓಣಿಯಲ್ಲಿ, ಚಪ್ಪಲಿ ಸ್ಟ್ಯಾಂಡಿಗೂ ಬಟ್ಟೆ ಒಗೆಯುವ ಮೆಷಿನ್ನಿಗೂ ನಡುವೆ ಅವಳ ಹಾಸಿಗೆ. ಭಾವ ಬಂದಾಗಲೂ ಹೋದಾಗಲೂ ಅವಳನ್ನು ದಾಟಿಕೊಂಡೇ ಹೋಗಬೇಕು. ದಾಟುವಾಗ ಒಂದು ನಿಟ್ಟುಸಿರು ಬಿಡುತ್ತಿದ್ದರು. ದಿನಕ್ಕೆ ಹತ್ತು ಸಲ. ಬಚ್ಚಲಿಗೆ ಕುರ್ಚಿ ಹೋಗುತ್ತಿರಲಿಲ್ಲ, ಅಕ್ಕ ಹೊತ್ತು ಕೂರಿಸಬೇಕು. ಅಕ್ಕನ ಸೊಂಟ ಬಾಗಿ ಹೋಗಿತ್ತು.

ಹಾಗಿರುವಾಗ ಕಂಪನಿಯಿಂದ ಮಾತು ಬಂತು. ತಪ್ಪು ನನ್ನದೇ ಎಂದು ಬರೆದುಕೊಟ್ಟರೆ ಎಲ್ಲ ಸೌಲಭ್ಯ ಇರುವ ಒಂದು ಕ್ಯಾಂಪರ್ ವ್ಯಾನು ಉಡುಗೊರೆ. ಅದೇ ವಾರ ಅಕ್ಕ ಇನ್ನೊಂದು ಸುದ್ದಿ ತಂದಿದ್ದಳು.

"ಆ ಬಡಗಿ ಸಿಕ್ಕಿದ್ದ. ಯಾವುದೋ ಹಳೇ ಸಾಮಾನು ಸಾಗಿಸೋ ವ್ಯಾನು ತಗೊಂಡಿದಾನಂತೆ. ಒಳಗೆ ಏನೂ ಇಲ್ಲವಂತೆ. ಕಂಪನೀದು ಬೇಡ, ನಂದು ಬಂದು ನೋಡು ಅಂತ ಹೇಳಿ ಅಂದ."

ಭಾವ ನಕ್ಕುಬಿಟ್ಟಿದ್ದರು. "ಒಂದ್ರಲ್ಲಿ ಹಾಸಿಗೆ, ಒಲೆ, ಫ್ರಿಜ್ಜು, ಕಕ್ಕಸು. ಇನ್ನೊಂದ್ರಲ್ಲಿ ಗಾಳಿ. ಇದಕ್ಕೂ ತಲೆ ಕೆಡಿಸ್ಕೋಬೇಕಾ?"

ಅವಳಿಗೆ ನಗು ಬರಲಿಲ್ಲ. ನನ್ನ ಮೇಲೆ ಸುಳ್ಳು ಸಾಕ್ಷಿ ಹೇಳಿದವನು ನನಗೆ ಖಾಲಿ ಡಬ್ಬ ತೋರಿಸುತ್ತಿದ್ದಾನೆ... ಇಷ್ಟೇನಾ ನನ್ನ ಬೆಲೆ ಅವನ ಲೆಕ್ಕದಲ್ಲಿ?

ಸಹಿ ಹಾಕಿದರೆ ನನ್ನ ಕಾಲು ನಾನೇ ಕಡಿದುಕೊಂಡೆ ಎಂದು ಒಪ್ಪಿಕೊಂಡ ಹಾಗೆ. ಹಾಕದಿದ್ದರೆ ಸಾಯುವವರೆಗೂ ಚಪ್ಪಲಿಗಳ ಪಕ್ಕ. ಹದಿನೈದು ದಿನ ಯೋಚಿಸಿದಳು. ಕೊನೆಗೆ ಹಾಕುವುದೆಂದು ತೀರ್ಮಾನಿಸಿಯೇ ಇವತ್ತು ಬಂದಿದ್ದಳು.

"ಬೆರಳು ಇಡುವಷ್ಟೂ ಜಾಗ ವ್ಯರ್ಥ ಮಾಡಿಲ್ಲ ನೋಡಿ" ಎಂದು ಮ್ಯಾನೇಜರ್ ವ್ಯಾನಿನ ಬಾಗಿಲು ತೆರೆದರು. "ಇಲ್ಲಿ ಒಲೆ. ಇಲ್ಲಿ ತೊಟ್ಟಿ. ಅಲ್ಲಿ ಕಕ್ಕಸು, ಬಿಸಿನೀರು. ಹಿಂದೆ ಹಾಸಿಗೆ. ರಾಜಕುಮಾರಿ ಹಾಗೆ ಇರಬಹುದು."

ನಿಜವಾಗಿಯೂ ಚೆನ್ನಾಗಿತ್ತು. ನಡುವೆ ಹದಿನಾಲ್ಕು ಇಂಚಿನ ದಾರಿ, ಎರಡೂ ಕಡೆ ಕಪಾಟು. ಕಪಾಟುಗಳೆಲ್ಲ ನಿಂತವರ ಎದೆಯ ಎತ್ತರಕ್ಕೆ.

"ಕುರ್ಚಿ ಒಳಗೆ ಹೋಗಲ್ಲ" ಎಂದ ಬಡಗಿ, ಯಾರನ್ನೂ ನೋಡದೆ.

"ಕುರ್ಚಿ ಯಾಕೆ ಒಳಗೆ? ಮಲಗೋಕೆ ಹಾಸಿಗೆ ಇದೆಯಲ್ಲ. ಎತ್ತಿ ಕೂರಿಸು ಅವಳನ್ನ."

"ಇವನು ನನ್ನ ಮುಟ್ಟೋದು ಬೇಡ" ಎಂದಳು ಅವಳು. "ಭಾವ, ನೀವೇ ಎತ್ತಿ."

ಭಾವ ಎತ್ತಿ ಒಳಗೆ ತಂದು ಹಾಸಿಗೆಯ ಮೇಲೆ ಹಾಕಿದರು. ಹಾಕಿದಲ್ಲಿ ಬಿದ್ದುಕೊಂಡಳು. ಒಲೆ ಕೈಗೆ ಸಿಗಲಿಲ್ಲ. ನಲ್ಲಿ ಸಿಗಲಿಲ್ಲ. ಬಾಗಿಲು ಏಳು ಅಡಿ ದೂರ, ಏಳು ಊರು ದೂರ ಇದ್ದ ಹಾಗೆ. ಹೊರಗೆ ಕುರ್ಚಿ ಬಿಸಿಲಲ್ಲಿ ಒಂಟಿಯಾಗಿ ನಿಂತಿತ್ತು.

ಇಲ್ಲಿ ನನ್ನನ್ನು ಯಾರಾದರೂ ಇಳಿಸಬೇಕು, ಯಾರಾದರೂ ಏರಿಸಬೇಕು. ಯಾರೂ ಬಾರದಿದ್ದರೆ? ಹಾಸಿಗೆ ಮೆತ್ತಗಿದೆ, ಅಷ್ಟೇ. ಓಣಿಗೂ ಇದಕ್ಕೂ ಏನು ವ್ಯತ್ಯಾಸ...

ಆದರೂ ಓಣಿಯಲ್ಲಿ ನಿಟ್ಟುಸಿರು ಕೇಳಬೇಕು. ಇಲ್ಲಿ ಅದಿಲ್ಲ. ಸಾಕು. ಇಷ್ಟೇ ಸಾಕು.

ತಲೆಯ ಮೇಲೆ ಮೂರು ದೀಪಗಳಿದ್ದವು. ಮೂರನೆಯದು ಆಗಾಗ ಕಣ್ಣು ಮಿಟುಕಿಸುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ ಅವಳ ಕೈ ತಾನಾಗಿಯೇ ಮೇಲೆ ಹೋಯಿತು. ತಗ್ಗಿನ ಚಾವಣಿಯ ಪಟ್ಟಿಯನ್ನು ಉಗುರಿನಿಂದ ಸಡಿಲಿಸಿ ಬೆರಳು ಒಳಗೆ ತೂರಿಸಿದಳು.

ಬೆರಳು ನಿಂತಿತು.

ಅವಳು ಎಡಚಿ. ತಂತಿಗೆ ಟೇಪು ಸುತ್ತುವುದು ಎಡಕ್ಕೆ, ಮೂರು ಸುತ್ತು, ತುದಿ ಮಡಚಿ ಒತ್ತುವುದು. ಮೊದಲ ದೀಪದ ಗಂಟು ಹಾಗೆಯೇ ಇತ್ತು. ಎರಡನೆಯದೂ ಹಾಗೆಯೇ. ಮೂರನೆಯದರ ಟೇಪು ಬಲಕ್ಕೆ ಸುತ್ತಿತ್ತು, ಒರಟಾಗಿ, ಬೇರೆ ಯಾರದೋ ಕೈ.

ಆ ಬುಧವಾರ ಬೆಳಿಗ್ಗೆ ಅವಳು ಎರಡು ದೀಪ ಮುಗಿಸಿದ್ದಳು. ಮೂರನೆಯದನ್ನು ಆಮೇಲೆ ಹಾಕುವುದೆಂದು, ಬ್ಯಾಟರಿಯ ತಂತಿ ಎಳೆಯಲು ವ್ಯಾನಿನ ಅಡಿಗೆ ಹೋಗಿದ್ದಳು.

"ಇದು ಅದೇ ವ್ಯಾನು" ಎಂದಳು. ಧ್ವನಿ ಅವಳದೇ ಎಂದು ಅವಳಿಗೆ ಅನ್ನಿಸಲಿಲ್ಲ.

"ಯಾವುದಮ್ಮ?"

"ನನ್ನ ಮೇಲೆ ಬಿದ್ದಿದ್ದು."

ಮ್ಯಾನೇಜರ್ ಕೆಮ್ಮಿದರು. "ಬಾಡಿ ಪೂರಾ ಹೊಸದು ಮಾಡಿಸಿದೀವಿ... ಗ್ರಾಹಕರು ವಾಪಸ್ ಕೊಟ್ರು, ಏನು ಮಾಡೋದು. ಗಾಡಿಗೆ ಏನು ಗೊತ್ತಿರುತ್ತೆ ಪಾಪ."

ಭಾವ ತಗ್ಗಿದ ಧ್ವನಿಯಲ್ಲಿ ಗದರಿದರು. "ಸುಮ್ನಿರೇ. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು."

"ನಾನು ಎಣಿಸ್ತಿಲ್ಲ ಭಾವ. ಅದು ನನ್ನ ಕಚ್ಚಿದ್ದು."

ಅವಳನ್ನು ಹೊರಗೆ ತಂದು ಕುರ್ಚಿಯಲ್ಲಿ ಕೂರಿಸಿದರು. ಬಡಗಿ ನೆಲ ನೋಡುತ್ತಿದ್ದ. ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಇದಕ್ಕೆ ಕಪಾಟು ಕೂರಿಸಿದ್ದಾನೆ, ಗೊತ್ತಿದ್ದೂ ಬಾಗಿಲಲ್ಲಿ ನಿಂತಿದ್ದಾನೆ... ಅಳು ಬರಬೇಕಿತ್ತು. ಅದೂ ಬರಲಿಲ್ಲ.

"ಕಾಗದ ಕೊಡಿ" ಎಂದಳು. ಇನ್ನು ಯಾವುದಕ್ಕೆ ತಡ? ಕಚ್ಚಿದ್ದೇ ಮನೆಯಾಗಲಿ.

ಕಚೇರಿ ಮೇಲ್ಮಹಡಿಯಲ್ಲಿದ್ದದ್ದರಿಂದ ಫೈಲು ಅಂಗಳಕ್ಕೇ ಬಂತು. ಒಪ್ಪಂದದ ಹಿಂದೆ ಸಾಕ್ಷಿಯ ಹೇಳಿಕೆ ಲಗತ್ತಾಗಿತ್ತು. ಮೊಬೈಲಿನ ಚಿತ್ರವಲ್ಲ, ಮೂಲ ಹಾಳೆ. ಅವಳು ಅದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಓದಿದಳು. ಲಾಕು ಸುಸ್ಥಿತಿಯಲ್ಲಿತ್ತು... ಸದರಿ ಮಹಿಳೆ ನಿರ್ಲಕ್ಷ್ಯದಿಂದ... ಕಣ್ಣಾರೆ ಕಂಡಿದ್ದೇನೆ... ಸಾಲುಗಳು ಹಾಳೆಯ ಕೆಳಗೆ ಹೋಗುತ್ತಾ ಹೋಗುತ್ತಾ ಸಣ್ಣದಾಗುತ್ತಿದ್ದವು. ಕೊನೆಯ ಮೂರು ಸಾಲು ತುಂಬಿದ ಬಸ್ಸಿನಲ್ಲಿ ನಿಂತವರ ಹಾಗೆ ಒತ್ತಿಕೊಂಡಿದ್ದವು. ಕೆಳಗೆ ಸಹಿ. ಆ ಸಹಿಯ ಬಾಲ ಮೇಲೆ ಹೋಗಿ ಕೊನೆಯ ಸಾಲಿಗೆ ತಾಗಿತ್ತು.

ಅವಳು ಹಾಳೆಯನ್ನು ಬಿಸಿಲಿಗೆ ಓರೆಯಾಗಿ ಹಿಡಿದಳು.

ಒಂದರ ಮೇಲೊಂದು ಬಿದ್ದ ತಂತಿಗಳಲ್ಲಿ ಯಾವುದನ್ನು ಮೊದಲು ಎಳೆದದ್ದು, ಯಾವುದನ್ನು ಆಮೇಲೆ ಎಂದು ನೋಡಿ ಹೇಳುವುದೇ ಏಳು ವರ್ಷ ಅವಳ ಅನ್ನವಾಗಿತ್ತು. ಸಹಿಯ ನೀಲಿ ಗೆರೆ ಕೆಳಗಿತ್ತು. ಕಪ್ಪು ಅಕ್ಷರ ಅದರ ಮೇಲೆ ಕೂತಿತ್ತು.

ಸಹಿ ಮೊದಲು ಬಂದಿತ್ತು. ಮಾತು ಆಮೇಲೆ.

ಆ ಕಾರ್ಖಾನೆಯಲ್ಲಿ ದಿನದ ಕೆಲಸದ ಹಾಳೆಗೆ ಸಂಜೆ ಸಹಿ ಹಾಕಬೇಕಿತ್ತು. ಸಹಿಗೆ ನಿಂತವರ ಸಾಲು ಕರಗುವಷ್ಟರಲ್ಲಿ ಆರರ ಬಸ್ಸು ಹೊರಟುಹೋಗುತ್ತಿತ್ತು. ಅದಕ್ಕೆ ಕೆಲಸಗಾರರೇ ಗೋಗರೆದು ಒಂದು ಅನುಕೂಲ ಪಡೆದಿದ್ದರು. ಸೋಮವಾರ ಬೆಳಿಗ್ಗೆಯೇ ವಾರದ ಆರು ಖಾಲಿ ಹಾಳೆಗೂ ಸಹಿ ಹಾಕಿಬಿಡುವುದು. ಅವಳೂ ಹಾಕಿದ್ದಳು, ಏಳು ವರ್ಷ, ನಗುನಗುತ್ತಾ. ಬಸ್ಸು ಸಿಗುತ್ತದಲ್ಲ ಎಂಬ ಖುಷಿಯಲ್ಲಿ.

ಅವಳು ಬಡಗಿಯ ಕಡೆ ತಿರುಗಿದಳು. ಎಂಟು ತಿಂಗಳಲ್ಲಿ ಮೊದಲ ಸಲ ಅವನ ಕಣ್ಣನ್ನು ನೋಡಿದಳು.

"ಸೋಮವಾರದ ಸಹಿನಾ ಇದು?"

"ಹ್ಞೂಂ... ಆ ವಾರ ನಂದೊಂದು ಹಾಳೆ ಕಮ್ಮಿ ಆಯ್ತು ಅಂತ ಮತ್ತೆ ಸಹಿ ಹಾಕಿಸ್ಕೊಂಡ್ರು. ಆಗ ಹೊಳೀಲಿಲ್ಲ. ಹೊಳೆಯೋಷ್ಟರಲ್ಲಿ ನೀನು ನನ್ನ ಒಳಗೆ ಬಿಡ್ತಿರಲಿಲ್ಲ."

"ಯಾರ ಹತ್ರನಾದ್ರೂ ಹೇಳಿ ಕಳಿಸಬಹುದಿತ್ತಲ್ಲ?"

ಅವನ ಕಣ್ಣು ಒಂದು ಕ್ಷಣ ಅಕ್ಕನ ಕಡೆ ಹೋಗಿ ವಾಪಸ್ಸು ಬಂತು.

ಅಕ್ಕ ಸೆರಗಿನ ತುದಿ ಹಿಂಡುತ್ತಿದ್ದಳು. "ಮೂರು ಸಲ ಹೇಳಿದ್ದ" ಎಂದಳು ಮೆಲ್ಲಗೆ. "ನಾನೇ ನಿಂಗೆ ಹೇಳ್ಲಿಲ್ಲ. ಹೇಳಿದ್ರೆ ನೀನು ಜಗಳಕ್ಕೆ ನಿಲ್ತಿದ್ದೆ. ವ್ಯಾನು ಬರ್ತಿರಲಿಲ್ಲ... ನನ್ನ ಸೊಂಟ ಬಿದ್ದು ಹೋಗಿದೆ ಕಣೇ. ನನ್ನಿಂದ ಇನ್ನು ಎತ್ತೋಕಾಗಲ್ಲ."

ಮಿಣುಕಿಗೆ ಅಕ್ಕನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಹಗುರವಾಗುತ್ತಿತ್ತು. ಒಬ್ಬಳ ಕಾಲು ತೆಗೆದು, ಇನ್ನೊಬ್ಬಳ ಸೊಂಟ ಮುರಿದು, ಇಬ್ಬರನ್ನೂ ಒಬ್ಬರಿಗೊಬ್ಬರು ಕಳ್ಳರನ್ನಾಗಿ ಮಾಡಿದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪೆನ್ನು ಚಾಚಿಕೊಂಡು ನಿಂತಿದ್ದರು.

"ಸಹಿ ಹಾಕಲ್ಲ" ಎಂದಳು.

ಮ್ಯಾನೇಜರ್ ಅವಳ ಕೈಯಿಂದ ಹಾಳೆ ಕಿತ್ತುಕೊಂಡರು. ಅದು ಫೈಲಿನೊಳಗೆ ಹೋಯಿತು. ಇನ್ನು ಅದು ಯಾವ ಮೇಜಿನ ಮೇಲೂ ಕಾಣಿಸದು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. "ಕೇಸು ಹಾಕ್ತೀಯಾ? ಹಾಕು. ಹತ್ತು ವರ್ಷ ಅಲೆದಾಡು, ಕಾಲಿದ್ರೆ" ಎಂದರು. ಧ್ವನಿಯ ಎಣ್ಣೆ ಒಣಗಿತ್ತು. ಬಡಗಿಯ ಕಡೆ ತಿರುಗಿ, "ನೀನು ನಾಳೆಯಿಂದ ಬರಬೇಡ" ಎಂದರು.

ಭಾವ ಆಗಲೇ ಗೇಟಿನ ಕಡೆ ಹೆಜ್ಜೆ ಹಾಕಿದ್ದರು. "ಕೈಗೆ ಬಂದ ತುತ್ತು ಒದ್ದವಳಿಗೆ ನಮ್ಮನೇಲಿ ಜಾಗ ಇಲ್ಲ" ಎಂದು ಹಿಂತಿರುಗಿ ನೋಡದೆ ಹೇಳಿದರು. ಅಕ್ಕ ನಿಂತಳು, ತಂಗಿಯ ತಲೆಯ ಮೇಲೆ ಒಮ್ಮೆ ಕೈಯಿಟ್ಟಳು, ಹೋದಳು.

ಗೇಟಿನ ಹೊರಗೆ, ಗೋಡೆಗೆ ಒರಗಿದ ಹಾಗೆ ಬೂದು ಬಣ್ಣದ ಹಳೆಯ ವ್ಯಾನೊಂದು ನಿಂತಿತ್ತು. ಬಣ್ಣ ಅಲ್ಲಲ್ಲಿ ಎದ್ದಿತ್ತು. ಬಡಗಿ ಹಿಂಬಾಗಿಲು ತೆರೆದು ಒಂದು ಹಲಗೆಯ ಇಳಿಜಾರನ್ನು ನೆಲಕ್ಕೆ ಇಳಿಸಿದ. ಆಮೇಲೆ ಪಕ್ಕಕ್ಕೆ ಸರಿದು, ಕೈ ಹಿಂದೆ ಕಟ್ಟಿಕೊಂಡು ನಿಂತ.

"ತಳ್ಳಲ್ವಾ?"

"ನೀನು ಹೇಳಿದ್ರೆ ತಳ್ತೀನಿ."

ಅವಳು ಹೇಳಲಿಲ್ಲ. ಅರ್ಧಕ್ಕೆ ಹೋಗಿ ಕುರ್ಚಿ ಹಿಂದೆ ಜಾರಿತು. ಅವನ ಕೈ ಮುಂದೆ ಬಂದು ನಿಂತಿತು. ಎರಡನೇ ಸಲ ಹಲ್ಲು ಕಚ್ಚಿ ತಳ್ಳಿದಳು. ಮೇಲೆ ಬಂತು.

ಒಳಗೆ ಏನೂ ಇರಲಿಲ್ಲ. ಹಾಸಿಗೆಯಿಲ್ಲ, ಒಲೆಯಿಲ್ಲ, ಕಪಾಟಿಲ್ಲ. ಒಂದು ಮೊಳೆ ಸಹ ಇಲ್ಲ. ಬರೀ ನುಣುಪಾಗಿ ತಿಕ್ಕಿದ ಹಲಗೆಯ ನೆಲ. ಅವಳು ಒಂದು ಚಕ್ರ ಹಿಡಿದು ಇನ್ನೊಂದನ್ನು ತಿರುಗಿಸಿದಳು. ಕುರ್ಚಿ ಸುತ್ತಿತು. ಎಲ್ಲಿಯೂ ತಾಗದೆ, ಯಾರಿಗೂ ದಾರಿ ಬಿಡಿ ಎನ್ನದೆ, ಪೂರ್ತಿ ಒಂದು ಸುತ್ತು.

ಎಂಟು ತಿಂಗಳಲ್ಲಿ ನಾಲ್ಕು ಗೋಡೆಗಳ ನಡುವೆ ಅವಳು ಹೀಗೆ ತಿರುಗಿದ್ದು ಇದೇ ಮೊದಲು. ಆಗ ಅಳು ಬಂತು. ಬಂದದ್ದು ನಿಲ್ಲಲಿಲ್ಲ. ಕಾಲಿಗೆ, ಅಕ್ಕನಿಗೆ, ಫೈಲಿನೊಳಗೆ ಹೋದ ಹಾಳೆಗೆ, ನಾಳೆ ಎಲ್ಲಿ ಎಂದು ಗೊತ್ತಿಲ್ಲದ್ದಕ್ಕೆ, ಎಲ್ಲಕ್ಕೂ ಸೇರಿಸಿ ಅತ್ತಳು. ಅವನು ಇಳಿಜಾರಿನ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದ. ಸಮಾಧಾನ ಮಾಡಲು ಬರಲಿಲ್ಲ. ಸಮಾಧಾನ ಮಾಡುವಂಥದ್ದು ಅವನ ಬಳಿಯೂ ಏನಿರಲಿಲ್ಲ.

"ಆ ವ್ಯಾನಿಗೆ ಯಾಕೆ ಕಪಾಟು ಮಾಡ್ದೆ?" ಎಂದಳು ಕೊನೆಗೆ, ಮೂಗು ಒರೆಸಿಕೊಳ್ಳುತ್ತಾ.

"ಮಾಡುವಾಗ ಗೊತ್ತಿರಲಿಲ್ಲ, ಅದು ನಿಂಗೆ ಅಂತ. ಗೊತ್ತಾದ ದಿನಾನೇ ನಿನ್ನಕ್ಕನ ಹತ್ರ ಓಡಿದೆ."

"ಇವತ್ತು ಬಾಗಿಲಲ್ಲಿ ಯಾಕೆ ನಿಂತಿದ್ದೆ?"

"ಅಲ್ಲಿ ನಿಂತ್ರೆ ನಿನ್ನ ನೋಡಬಹುದಿತ್ತು."

ಅವಳು ಖಾಲಿ ಗೋಡೆಗಳ ಮೇಲೆ ಕಣ್ಣಾಡಿಸಿದಳು.

"ಬಡಗಿ ಅಂತ ಹೆಸರು. ಒಂದು ಹಲಗೆ ಕೂರಿಸೋಕಾಗಲಿಲ್ವಾ ಇದ್ರೊಳಗೆ?"

"ಒಲೆ ಎಷ್ಟು ಎತ್ತರಕ್ಕೆ ಬೇಕು, ಕಿಟಕಿ ಎಲ್ಲಿ ಬೇಕು, ನಿನ್ನ ಕೈ ಎಲ್ಲಿವರೆಗೆ ಹೋಗುತ್ತೆ... ನಿನ್ನ ಕೇಳದೆ ಹ್ಯಾಗೆ ಮಾಡ್ಲಿ?"

"ನಾನು ಬರದೇ ಇದ್ದಿದ್ರೆ?"

"ಖಾಲಿನೇ ಇರ್ತಿತ್ತು."

ಅವನು ಜೇಬಿನಿಂದ ಟೇಪು ತೆಗೆದ. ಬಿಚ್ಚಲಿಲ್ಲ, ಅಂಗೈಯಲ್ಲಿ ಹಿಡಿದುಕೊಂಡ. "ಹಾಸಿಗೆ... ಒಬ್ಬರದ್ದು ಮಾಡ್ಲಾ, ಇಬ್ಬರದ್ದಾ?"

ಅವಳು ಅವನ ಬಾಗಿದ ಬೆನ್ನು ನೋಡಿದಳು. ಕೆಲಸ ಇಲ್ಲ, ಮನೆ ಇಲ್ಲ, ಸಾಕ್ಷಿ ಹೇಳುವ ಕಾಗದ ಇಲ್ಲ. ಈ ಮನುಷ್ಯ ಹಾಸಿಗೆಯ ಅಳತೆ ಕೇಳುತ್ತಿದ್ದಾನೆ.

"ಇಬ್ಬರದ್ದು" ಎಂದಳು. "ಆದ್ರೆ ಗೋಡೆಗೆ ಮಡಚೋ ಹಾಗೆ ಮಾಡು. ಹಗಲು ಇಲ್ಲಿ ಹತ್ತು ಜನ ಕೂರಬೇಕು."

"ಯಾವ ಹತ್ತು ಜನ?"

"ಒಳಗೆ ಇದ್ದಾರಲ್ಲ, ಅವರು. ಪ್ರತಿ ಸೋಮವಾರ ಆರು ಹಾಳೆಗೆ ಸಹಿ ಹಾಕಿ ಕೊಡ್ತಾರಲ್ಲ, ಅವರು. ಲಾಕು ಇನ್ನೂ ಹಾಗೇ ಇದೆಯಾ?"

"ತಂತಿ ಕಟ್ಟಿದಾರೆ."

"ಹಾಗಾದ್ರೆ ಇನ್ನೊಬ್ಬಳು ಬರ್ತಾಳೆ ನನ್ನ ಹಾಗೆ. ಅವಳ ಹೇಳಿಕೆಗೆ ಯಾರ ಸಹಿ ಈಗಾಗಲೇ ಬಿದ್ದಿದೆಯೋ."

ಅವನು ಎದ್ದು ಒಳಗೆ ಬಂದು ಅವಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳು ಅವನ ತಲೆಗೂದಲಿನಲ್ಲಿ ಸಿಕ್ಕಿದ್ದ ಮರದ ಹೊಟ್ಟನ್ನು ಒಂದೊಂದಾಗಿ ತೆಗೆದಳು. ಅವನು ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ಗೇಟಿನ ಕಾವಲಿನಜ್ಜ ಕುಂಟುತ್ತಾ ಬಂದು ವ್ಯಾನಿನ ಹಿಂದೆ ನಿಂತರು. ಅವರಿಗೆ ಇವರಿಬ್ಬರೂ ಗೊತ್ತಿದ್ದರು. ಮುಖ ಎತ್ತಲು ಅವರಿಗೆ ಕಷ್ಟವಾಗುತ್ತಿತ್ತು.

"ಮಗಾ, ಮೇಲಿಂದ ಹೇಳಿ ಕಳಿಸಿದಾರೆ. ಊಟದ ಗಂಟೆ ಹೊಡೆದು ಎಲ್ಲರೂ ಹೊರಗೆ ಬರೋದ್ರೊಳಗೆ ಈ ಗಾಡಿ ಇಲ್ಲಿಂದ ತೆಗೀಬೇಕಂತೆ."

ಬಡಗಿ ಅವಳ ಕಡೆ ನೋಡಿದ. "ಏನು ಮಾಡೋಣ?"

ಅವಳು ಕೈ ಚಾಚಿದಳು. ಅವನು ವ್ಯಾನಿನ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದ. ಅವಳು ಮುಷ್ಟಿ ಮುಚ್ಚಿದಳು, ಅವನ ಬೆರಳುಗಳ ಸಮೇತ.

"ತೆಗೆಯಲ್ಲ ಅಜ್ಜ" ಎಂದಳು.

"ಹಾಗಂತ್ಲೇ ಹೇಳ್ಲಾ?"

"ಹಾಗಂತ್ಲೇ ಹೇಳಿ."